ಪತಂಗ ಹೋದ ದಿಕ್ಕು

ನಿಮ್ಮ ಹೊಲದಿಂದ ಹಾರಿಹೋದ ಪತಂಗ ಸತ್ತಿಲ್ಲ. ಗಾಳಿ ಹಿಡಿದು ಇನ್ನೊಬ್ಬರ ಹೊಲದಲ್ಲಿ ಮೊಟ್ಟೆಯಿಡಲು ಹೋಗಿದೆ. ಗೊತ್ತಿದ್ದೂ ನಾವು ಪೀಡೆ ತೊಲಗಿತೆಂದು ಕೈತೊಳೆದುಕೊಳ್ಳುತ್ತೇವೆ.

ಹೊಲಗಳಲ್ಲಿ ಪತಂಗ ಹಿಡಿಯುವ ಬಲೆ ನೋಡಿಕೊಳ್ಳುವ ಒಬ್ಬ ಅಕ್ಕನ ಊರಿನಲ್ಲೂ ಪೀಡೆ ತೊಲಗಿದ ಸಂಭ್ರಮ. ತುಂಬಿ ತುಳುಕುತ್ತಿದ್ದ ಬಲೆಗಳು ಒಂದು ಬೆಳಗ್ಗೆ ಬರಿದಾಗಿದ್ದವು. ಆಕೆ ಮಾತ್ರ ಗಾಳಿಯ ದಿಕ್ಕು ನೋಡಿದಳು. ಗಾಳಿ ಬೀಸುತ್ತಿದ್ದುದು ತಂಗಿಯ ಊರಿನತ್ತ. ಅಲ್ಲಿ ಮೆಕ್ಕೆಜೋಳ ಈಗಷ್ಟೇ ಮೊಣಕಾಲೆತ್ತರ ಬಂದಿತ್ತು. ಅಂದಿನಿಂದ ದಿನಾ ಬೆಳಗ್ಗೆ ತಂಗಿಗೆ ಫೋನು.

"ಅಕ್ಕಾ, ನಿನಗೆ ನನ್ನದಕ್ಕಿಂತ ಹುಳದ್ದೇ ಚಿಂತೆ!" ಮೂರನೇ ದಿನ ತಂಗಿ ಛೇಡಿಸಿದಳು.

"ಆಮೇಲೆ ಬೈಯುವೆಯಂತೆ ಕಣೇ. ಮೊದಲು ಎಲೆ ತಿರುಗಿಸಿ ನೋಡು."

ಗೊಣಗುತ್ತಾ ಫೋನು ಹಿಡಿದೇ ಹೊಲಕ್ಕಿಳಿದ ತಂಗಿ ಎಲೆ ತಿರುಗಿಸಿದಳು. "ಅಕ್ಕಾ... ಹತ್ತಿ ಅಂಟಿದ ಹಾಗೆ ಏನೋ ಇದೆ. ಮೊಟ್ಟೆನಾ?"

"ಅದೇ. ಈಗ್ಲೇ ಹಿಸುಕಿ ಹಾಕು. ಮರಿಯಾಗಿ ಸುಳಿಯೊಳಗೆ ಹೊಕ್ಕರೆ ಕೈಗೆ ಸಿಗಲ್ಲ. ನಾನು ಬಸ್ ಹತ್ತುತ್ತೀನಿ, ಇಬ್ರೂ ಸೇರಿ ಹುಡುಕೋಣ."

"ಬಾ. ಹುಳದ ನೆಪದಲ್ಲಾದ್ರೂ ನಿನ್ನ ಮುಖ ನೋಡ್ತೀನಿ."

ನಿಮ್ಮ ಬಲೆ ಬರಿದಾದ ದಿನ ಗಾಳಿ ಎತ್ತ ಬೀಸುತ್ತಿದೆ ನೋಡಿ. ಆ ಕಡೆಯ ಊರಿಗೆ ಫೋನ್ ಮಾಡಿ. ಅಲ್ಲಿ ನಿಮ್ಮ ತಂಗಿ ಇಲ್ಲದಿದ್ದರೂ ಮಾಡಿ.