ಮನೇಲಿ ಎಷ್ಟು ವೋಟು?

ಕೆ.ಆರ್. ಪುರದ ಈ ವಠಾರಕ್ಕೆ ಬಾಡಿಗೆ ಮನೆ ಕೇಳಿಕೊಂಡು ಬಂದ ದಿನ, ನಮ್ಮ ಊರು, ಕೆಲಸ ಯಾವುದನ್ನೂ ವಿಚಾರಿಸುವ ಮೊದಲೇ ಓನರ್ ಜಯಮ್ಮ ಕೇಳಿದ್ದು, "ಮನೇಲಿ ಎಷ್ಟು ವೋಟು?" ಎಂದು. ಕಂಕುಳಲ್ಲಿದ್ದ ಮಗುವನ್ನೂ ಸೇರಿಸಿ ಮೂರು ಎಂದೆ. ಅವರು ನಕ್ಕುಬಿಟ್ಟರು.

ಸುರಪುರದ ಕಡೆ ನಮ್ಮ ವೋಟು ಹುಟ್ಟಿದ ಓಣಿಯಲ್ಲೇ ಇರುತ್ತದೆ. ಇಲ್ಲಿ ಅದು ಬಾಡಿಗೆ ಮನೆಯ ಜೊತೆ ಬರುತ್ತದೆ. ಜಯಮ್ಮನೇ ಫಾರ್ಮು ತರಿಸಿದರು. ಇಲ್ಲಿ ಸೇರಿದರೆ ಊರಿನ ಪಟ್ಟಿಯಿಂದ ಹೆಸರು ಹೋಗುತ್ತದೆಂದು ಗೊತ್ತಿದ್ದೂ ನಾನೂ ನನ್ನ ಗಂಡನೂ ಸಹಿ ಹಾಕಿದೆವು. ಗ್ಯಾಸಿಗೆ, ಶಾಲೆಗೆ ವಿಳಾಸದ ದಾಖಲೆ ಬೇಕಿತ್ತು. ಕಾರ್ಡು ಬಂದ ಮೇಲೆ, "ನೀವು ಕಳೆದ್ಹಾಕ್ಬಿಡ್ತೀರಾ" ಎಂದು ಜಯಮ್ಮ ತಮ್ಮ ಬೀರುವಿನಲ್ಲಿಟ್ಟುಕೊಂಡರು. ಹನ್ನೆರಡು ಮನೆಗಳ ಕಾರ್ಡುಗಳೂ ಅಲ್ಲೇ ಇವೆ.

ಅವರು ಕೆಟ್ಟವರಲ್ಲ. ನನ್ನ ಎರಡನೆಯ ಹೆರಿಗೆಗೆ ಆಟೋ ಹಿಡಿದು ಜೊತೆಗೆ ಬಂದವರು ಅವರೇ. ರೊಟ್ಟಿ ಬಡಿಯುವ ಈ ಕೈಗೆ ಮುದ್ದೆ ಕಟ್ಟಲು ಕಲಿಸಿದರು. ಊರಲ್ಲಾದರೆ ಯವ್ವಾ ಎನ್ನುತ್ತಿದ್ದೆ. ಇಲ್ಲಿ ಎಲ್ಲರಂತೆ ಆಂಟಿ ಎನ್ನುತ್ತೇನೆ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ನಲ್ಲಿಯ ಬಳಿ ಕೊಡ ಇಟ್ಟು ನಿಂತಿದ್ದೆ. ನಮ್ಮ ಕಡೆ ನಳ ಎನ್ನುತ್ತೇವಲ್ಲ, ಅದೇ. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಒಯ್ಯುವುದಿಲ್ಲ ಎಂದ ಕಸದ ಗಾಡಿಯ ಯಲ್ಲಪ್ಪನನ್ನು ಜಯಮ್ಮನ ಮಗ ಮಂಜುನಾಥ ಗೇಟಿನಲ್ಲಿ ಬೈಯುತ್ತಿದ್ದ. ಮಂಜುನಾಥ ಕಬ್ಬಿಣದ ಸರಳು ಎತ್ತಿದ್ದನ್ನು ಕಂಡೆ. ಅಷ್ಟರಲ್ಲಿ ಕೊಡ ತುಂಬಿ ಹರಿಯಿತು. ನಲ್ಲಿ ನಿಲ್ಲಿಸಲು ಬಗ್ಗಿದೆ. ಸದ್ದು ಕೇಳಿಸಿತು. ತಲೆ ಎತ್ತಿದಾಗ ಯಲ್ಲಪ್ಪ ಮೊಣಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಪೊಲೀಸರಿಗೆ ಇಷ್ಟನ್ನೇ ಹೇಳಿದೆ.

ಆಮೇಲೆ ವಾರ್ಡ್ ಚುನಾವಣೆ ಬಂತು. ಮಂಜುನಾಥ ನಿಂತ. ಅವನ ಎದುರಿಗೆ, ಅವನ ಮೇಲಿನ ಈ ಕೇಸನ್ನೇ ನಡೆಸುತ್ತಿದ್ದ ಸರ್ಕಾರಿ ವಕೀಲೆ ಕೆಲಸ ಬಿಟ್ಟು ನಿಂತರು. ಊರಲ್ಲಿ ಸರ್ಕಾರಿ ವಕೀಲರೆಂದರೆ ಕೋರ್ಟಿನಲ್ಲಿ ದೂರದಿಂದ ಕಾಣುವ ಕರಿ ಕೋಟು. ಇಲ್ಲಿ ಅವರು ನನ್ನ ಅಡುಗೆಮನೆಯ ಬಾಗಿಲಿಗೇ ಬಂದರು.

"ನಾಳೆ ನಮ್ಮ ಪ್ರಚಾರ ಸಭೇಲಿ ಒಂದೇ ಮಾತು ಹೇಳಮ್ಮ. ಹೊಡೆದಿದ್ದು ಕಣ್ಣಾರೆ ನೋಡ್ದೆ ಅಂತ."

"ಕೈ ಎತ್ತಿದ್ದು ನೋಡೀನ್ರಿ ಮೇಡಂ. ಬಡದಿದ್ದು ನೋಡಿಲ್ರಿ."

"ಎತ್ತಿದ ಕೈ ಏನು, ಆರತಿ ಮಾಡೋಕೆ ಹೋಯ್ತಾ?"

ಸಂಜೆ ಜಯಮ್ಮ ಬಿಸಿ ಸೊಪ್ಪಿನ ಸಾರು ತಂದರು. "ಮಹಾದೇವಿ, ನಲ್ಲಿ ಕಡೆ ತಿರುಗ್ಕೊಂಡಿದ್ದೆ, ಏನೂ ನೋಡ್ಲಿಲ್ಲ ಅಂತ ಕೋರ್ಟಲ್ಲಿ ಹೇಳ್ಬಿಡು. ಅರ್ಧ ನಿಜಾನೇ ಅಲ್ವಾ?"

"ಇನ್ನರ್ಧ ಎಲ್ಲಿಡ್ಲಿ ಆಂಟಿ?"

"ನನ್ನ ಬೀರೂಲಿ ಇಡು" ಎಂದು ನಗಲು ನೋಡಿದರು. ಆಗಲಿಲ್ಲ.

ವಕೀಲೆಯ ಸಭೆಗೆ ನಾನು ಹೋಗಲಿಲ್ಲ. ವಠಾರಕ್ಕೆ ಇರುವುದು ಒಂದೇ ಗೇಟು. ಎಲ್ಲಿಗೆ ಹೋಗುವುದಿದ್ದರೂ ಅವರ ಬಾಗಿಲು ದಾಟಬೇಕು. ಸಾಕ್ಷಿ ಹೇಳುವ ದಿನವೂ ನಾನು ಆ ಬಾಗಿಲು ದಾಟಿಯೇ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಬಸ್ಸು ಹಲಸೂರು ಮುಟ್ಟುವವರೆಗೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಲೇ ಇದ್ದೆ. ಕೋರ್ಟಿನಲ್ಲಿ ಕಂಡದ್ದು, ಕೇಳಿದ್ದು, ಕಾಣದ್ದು ಮೂರನ್ನೂ ಬೇರೆ ಬೇರೆಯಾಗಿ ಹೇಳಿದೆ. ಹೊರಗೆ ವಕೀಲೆಯ ಕಡೆಯವನೊಬ್ಬ "ಮಾರ್ಕೊಂಡ್ಬಿಟ್ಳು ಗುರು" ಎಂದ. ಮಂಜುನಾಥ ಮುಖ ತಿರುಗಿಸಿದ. ಯಲ್ಲಪ್ಪ ಮಾತ್ರ ಬಂದು ಪಕ್ಕದಲ್ಲಿ ಕೂತ. ಅವನೂ ನಮ್ಮ ಕಡೆಯವನೇ. "ನನಗ ಗೊತ್ತೈತಲ್ಲಕ್ಕ, ಕೊಡ ತುಂಬಿತ್ತು" ಎಂದ.

"ಎಲೆಕ್ಷನ್ ಮುಗಿಯೋವರ್ಗೂ ಇರು. ಆಮೇಲೆ ಬೇರೆ ಮನೆ ನೋಡ್ಕೊ" ಎಂದರು ಜಯಮ್ಮ.

ಲಿಂಗರಾಜಪುರದಲ್ಲಿ ಒಂದು ಮನೆ ನೋಡಿ ಬಂದೆ. ಅಲ್ಲಿನ ಓನರೂ ಎಷ್ಟು ವೋಟು ಎಂದೇ ಕೇಳಿದರು. ಎರಡು, ಆದರೆ ಕೆ.ಆರ್. ಪುರದಲ್ಲಿವೆ ಎಂದೆ. "ನೋಡಿ ಹೇಳ್ತೀವಿ" ಎಂದರು. ಊರಿನ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆಂದು ಅಣ್ಣ ಫೋನಿನಲ್ಲಿ ಹೇಳಿದ. ಮತದಾನಕ್ಕೆ ಇನ್ನೂ ಒಂಬತ್ತು ದಿನವಿದೆ. ಕಾರ್ಡು ಬೀರುವಿನಲ್ಲೇ ಇದೆ.

ಇವತ್ತು ಬೆಳಿಗ್ಗೆ ಜಯಮ್ಮ ಎಂದಿನಂತೆ ಕೂಗಿದರು: "ಮಹಾದೇವಿ, ನೀರು ಬಂತು."

ಕೊಡ ತೆಗೆದುಕೊಂಡು ಹೋದೆ.