ಸಲಗರೆಯ ಪೆಟ್ಟಿಗೆ ಕೇಳಿದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಯಂತ್ರ ಹೇಳಿದ್ದನ್ನಷ್ಟೇ ಮಾಡುತ್ತದೆ. ಹೇಳದ್ದನ್ನು ಮಾಡಿತೆಂದರೆ ನಾವೇ ಎಲ್ಲೋ ತಪ್ಪಾಗಿ ಹೇಳಿರುತ್ತೇವೆ. ಇದು ನನ್ನ ಹೊಟ್ಟೆಪಾಡು ಕಲಿಸಿದ ಪಾಠ. ಈಗಲೂ ಬಹುಮಟ್ಟಿಗೆ ಹಾಗೇ ನಂಬುತ್ತೇನೆ. ಆದರೆ ಗಡಿಯಾಚೆಯ ಸಾಂಗ್ಲಿಯಲ್ಲಿದ್ದಾಗ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಆ ಪಾಠದೊಳಗೆ ಕೂರುವುದಿಲ್ಲ.

ಹಳ್ಳಿಹಳ್ಳಿಗೆ ಇಂಟರ್ನೆಟ್ ಒಯ್ಯುತ್ತೇವೆಂದು ಹೊರಟಿದ್ದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಊರಿಗೊಂದು ರೂಟರ್, ಅಂದರೆ ಮಾಹಿತಿಗೆ ದಾರಿ ತೋರಿಸುವ ಪೆಟ್ಟಿಗೆ. ಸಾಂಗ್ಲಿಯಲ್ಲಿ ಕೂತೇ ನಾನು ಒಂದೊಂದಕ್ಕೂ ಲಾಗಿನ್ ಆಗಿ ಎಲ್ಲ ಸರಿಯಿದೆಯೇ ನೋಡಬೇಕು. ಅದಕ್ಕೂ ಮೊದಲು ಆ ಜಾಗದವರಿಗೆ ಫೋನ್ ಮಾಡಿ ದೀಪ ಉರಿಯುತ್ತಿದೆಯೇ ಎಂದು ಕೇಳುತ್ತಿದ್ದೆ. ಸಲಗರೆಯಲ್ಲಿ ಪೆಟ್ಟಿಗೆ ಇದ್ದದ್ದು ಸುಶೀಲಾ ಮಾವಶಿಯ ಎಸ್‌ಟಿಡಿ ಬೂತಿನ ಹಿಂದಿನ ಕೋಣೆಯಲ್ಲಿ. ಮಾವಶಿ ಅಂದರೆ ಮರಾಠಿಯಲ್ಲಿ ತಾಯಿಯ ಅಕ್ಕತಂಗಿ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಕನ್ನಡ ಮನೆಮಾತಿನ ಜೈನರ ಹೆಣ್ಣುಮಗಳು, ಗಂಡ ತೀರಿದ ಮೇಲೆ ಒಬ್ಬರೇ ಬೂತು ನಡೆಸುತ್ತಿದ್ದರು. ಎಲ್ಲರ ಕೈಗೂ ಮೊಬೈಲು ಬಂದು ಅಲ್ಲಿಗೆ ಜನ ಬರುವುದೇ ಕಡಿಮೆಯಾಗಿತ್ತು. "ಮೂರೂ ಹಸರ ದೀಪ ಅದಾವ ತಮ್ಮಾ" ಎಂದು ಶುರುವಾದ ಮಾತು ಬದನೆಕಾಯಿ ಪಲ್ಯ, ಮಂಡಿನೋವು ಎಲ್ಲ ಸುತ್ತಿ ಬರುತ್ತಿತ್ತು. ನಾನು ಅಥಣಿ ಕಡೆಯವನು. ಬಾಡಿಗೆ ಖೋಲಿ, ಖಾನಾವಳಿಯ ಊಟ, ಕಚೇರಿಯಲ್ಲಿ ಮರಾಠಿ. ದಿನವಿಡೀ ನಾನು ಆಡುತ್ತಿದ್ದ ಕನ್ನಡ ಮಾವಶಿಯ ಜೊತೆಗಿನ ಆ ಫೋನ್ ಮಾತಷ್ಟೇ.

ಊರುಗಳು ಹೆಚ್ಚಾದ ಮೇಲೆ ಒಂದು ಸ್ಕ್ರಿಪ್ಟ್, ಅಂದರೆ ನನ್ನ ಬದಲು ಈ ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್, ಬರೆದೆ. ರೂಟರ್ ಲಾಗಿನ್ ಹೆಸರು ಕೇಳುವ ತನಕ ಕಾಯುವುದು, ಹೆಸರು ಕೊಡುವುದು. ಪಾಸ್‌ವರ್ಡ್ ಕೇಳಿದರೆ ಅದನ್ನು ಕೊಡುವುದು. ನೋಡಿದ್ದನ್ನು ಬರೆದಿಟ್ಟು ಮುಂದಿನ ಊರಿಗೆ ಹೋಗುವುದು. ಎರಡು ತಾಸಿನ ಕೆಲಸ ಒಂದು ಚಹಾ ಕುಡಿಯುವುದರೊಳಗೆ ಮುಗಿಯತೊಡಗಿತು. ಸಾಹೇಬರು ಬೆನ್ನು ತಟ್ಟಿದರು. ಫೋನ್ ಮಾಡಲು ಕಾರಣ ಉಳಿಯಲಿಲ್ಲ. ಸುಮ್ಮನೆ ಮಾಡಬಹುದಿತ್ತು, ಮಾಡಲಿಲ್ಲ. ಮಾವಶಿ ಒಮ್ಮೆ ತಾವಾಗಿಯೇ ಫೋನ್ ಮಾಡಿದಾಗ, ಗಡಿಬಿಡಿಯಲ್ಲಿದ್ದೇನೆ ಎಂದು ಇಟ್ಟುಬಿಟ್ಟೆ.

ಅವತ್ತು ಭಾನುವಾರ ಮಧ್ಯಾಹ್ನ. ಖೋಲಿಯಲ್ಲಿ ಹೊತ್ತು ಹೋಗದೆ ಕಚೇರಿಗೆ ಬಂದಿದ್ದೆ. ಬೇರೆ ಯಾರೂ ಇರಲಿಲ್ಲ. ಸ್ಕ್ರಿಪ್ಟ್ ಓಡಿಸಿದೆ. ಕವಲಾಪುರ ಆಯಿತು, ಖಂಡೇರಾಜುರಿ ಆಯಿತು. ಸಲಗರೆಗೆ ಬಂದು ನಿಂತುಬಿಟ್ಟಿತು. ಅರ್ಧ ನಿಮಿಷ ಉತ್ತರ ಬರದಿದ್ದರೆ ಆ ಊರು ಬಿಟ್ಟು ಮುಂದೆ ಹೋಗು ಎಂದು ನಾನೇ ಬರೆದಿದ್ದೆ. ಅದು ಹೋಗಲಿಲ್ಲ. ಪರದೆಯ ಮೇಲೆ ಹೆಸರು ಕೇಳುವ ಸಾಲು ಇರಬೇಕಾದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ನಮ್ಮ ಮಾತು ಇತ್ತು: "ಯಾರ ಅದೀರಿ?"

ಯಾರೋ ಚೇಷ್ಟೆ ಮಾಡಿದ್ದಾರೆ ಅಂದುಕೊಂಡೆ. ಆದರೆ ಪಾಸ್‌ವರ್ಡ್ ಗೊತ್ತಿದ್ದವನು ನಾನೊಬ್ಬನೇ. ಕಚೇರಿಯಲ್ಲಿ ಕನ್ನಡ ಬರುತ್ತಿದ್ದವನೂ ನಾನೊಬ್ಬನೇ. ಕೊನೆಗೆ ಲಾಗಿನ್ ಹೆಸರನ್ನಲ್ಲ, ನನ್ನದೇ ಹೆಸರನ್ನು ಬೆರಳಚ್ಚಿಸಿದೆ. ತಕ್ಷಣ ರೂಟರ್ ಎಂದಿನಂತೆ ಪಾಸ್‌ವರ್ಡ್ ಕೇಳಿತು. ಸ್ಕ್ರಿಪ್ಟ್ ಎಚ್ಚೆತ್ತಂತೆ ತನ್ನ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಯಿತು.

ಬೂತಿಗೆ ಫೋನ್ ಮಾಡಿದೆ. ಬರೀ ರಿಂಗಾಯಿತು. ಮಿರಜಕ್ಕೆ ಹೋಗಿ ಸಲಗರೆಯ ಬಸ್ಸು ಹಿಡಿದೆ.

ಬೂತಿಗೆ ಬೀಗ. ಬಗಲ ಮನೆಯವನು ಹೊರಬಂದ. "ಮಾವಶಿ ಬಿದ್ದ ಟೊಂಕದ ಎಲವ ಮುರಕೊಂಡಾರ್ರಿ. ಮಿರಜದ ದವಾಖಾನಿಗೆ ಸೇರಿಸಿ ಬಂದೀವಿ. ಮೂರ ದಿನಾ ಆತು."

ಕೀಲಿ ಅವನ ಹತ್ತಿರವೇ ಇತ್ತು, ತೆಗೆಸಿದೆ. ಪೆಟ್ಟಿಗೆಯಲ್ಲಿ ಒಂದೂ ದೀಪವಿಲ್ಲ. ಮುಟ್ಟಿದರೆ ತಣ್ಣಗೆ.

"ಬೆಂಕಿ ಗಿಂಕಿ ಹತ್ತೀತಂತ ಅವತ್ತ ಮೇನ್ ಸ್ವಿಚ್ ಬಂದ್ ಮಾಡೇನ್ರಿ" ಎಂದ ಅವನು. ದಿನಾ ಬೆಳಿಗ್ಗೆ ಸ್ಕ್ರಿಪ್ಟ್ ಬರೆದಿಡುತ್ತಿದ್ದ ವರದಿಗಳಲ್ಲಿ ಮೂರು ದಿನವೂ 'ಸಲಗರೆ: ಉತ್ತರವಿಲ್ಲ' ಎಂದು ಬಂದೇ ಇತ್ತು, ಆಮೇಲೆ ನೋಡಿದೆ. ಅಲ್ಲಿ ಲೈನ್ ಹೋಗುವುದು ಹೊಸದಲ್ಲ, ಯಾರೂ ದೂರಿರಲಿಲ್ಲ. ನಾನು ಆ ವರದಿಗಳನ್ನು ತೆರೆದೇ ಇರಲಿಲ್ಲ.

ದವಾಖಾನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನರ್ಸ್ ಬಾಯಿ ನಾನು ಯಾರೆಂದು ಮರಾಠಿಯಲ್ಲಿ ವಿಚಾರಿಸಿ, ಆಮೇಲೆ ಕೇಳಿದರು: "'ಯಾರ ಅದೀರಿ' ಅಂದರೆ ಏನರ್ಥ? ಮಧ್ಯಾಹ್ನದಿಂದ ಅಜ್ಜಿ ಯಾರ ಹೆಜ್ಜೆ ಸಪ್ಪಳ ಕೇಳಿದರೂ ಅದನ್ನೇ ಕೇಳುತ್ತಿದ್ದಾರೆ. ಇಲ್ಲಿ ಯಾರಿಗೂ ತಿಳಿಯುತ್ತಿಲ್ಲ."

ಅರ್ಥ ಹೇಳಿ, ಅವರ ಹಾಸಿಗೆ ಎಲ್ಲಿದೆ ಎಂದು ಕೇಳಿದೆ.

ಮಾವಶಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕರೆದಾಗ ಹೊರಳಿ ನೋಡಿ ಕೈ ಹಿಡಿದರು. "ಬಂದ್ಯಾ ತಮ್ಮಾ?" ಆಪರೇಶನ್ನಿಗೆ ಸಂಬಂಧಿಕರ ಸಹಿ ಬೇಕಿತ್ತು. ಪರವೂರಿನಲ್ಲಿದ್ದ ಅವರ ಒಡಹುಟ್ಟಿದ ತಮ್ಮನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಮಾವಶಿ ನರ್ಸ್ ಬಾಯಿಗೆ, "ನನ್ನ ತಂಗಿ ಮಗಾ ರೀ ಇಂವ" ಅಂದರು. ನಾನು ಮರಾಠಿಗೆ ತಿರುಗಿಸಿ ಹೇಳಿದೆ, ಸಹಿ ಹಾಕಿದೆ. ಸುಳ್ಳು ಹೇಳಿದೆ ಎಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಕಚೇರಿಯ ದಾಖಲೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ನನ್ನ ಹೆಸರಿತ್ತು, ಅದರ ಕೆಳಗೆ ಲಾಗಿನ್ ಆಯಿತು ಎಂಬ ಸಾಲಿತ್ತು. ಪುಣೆಯ ಹಿರಿಯ ಇಂಜಿನಿಯರೊಬ್ಬರು ನೋಡಿ, ಅದೇ ನೆಟ್‌ವರ್ಕ್ ವಿಳಾಸದ ಬೇರೆ ಪೆಟ್ಟಿಗೆ ಉತ್ತರ ಕೊಟ್ಟಿರಬೇಕು ಅಂದರು. ಅದಕ್ಕೂ ಅದೇ ಪಾಸ್‌ವರ್ಡ್ ಹೇಗೆ ಎಂದು ಕೇಳಿದೆ.

ಮಾವಶಿ ಕೋಲೂರಿ ನಡೆಯುವಂತಾದ ಮೇಲೆ ಒಂದು ದಿನ ಅವರ ಮನೆಯಲ್ಲಿ ಉಣ್ಣುತ್ತ ಎಲ್ಲ ಹೇಳಿದೆ. ಅಂಜುತ್ತಾರೆ ಅಂದುಕೊಂಡಿದ್ದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಸ್ವಿಚ್ ಬಂದ್ ಇತ್ತಲ್ಲೋ. ಮತ್ತ ನಾ ಕೇಳಿದ್ದ ನಿನಗ ಹೆಂಗ ಮುಟ್ಟಿತು? ನೀ ಕಲತಾಂವ ಇದ್ದಿ, ಹೇಳು."

ಅವರು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ನನಗೆ ಗೊತ್ತಿಲ್ಲ ಮಾವಶಿ ಅಂದೆ. ಇವತ್ತಿಗೂ ಗೊತ್ತಿಲ್ಲ.