ನುಣುಪು ಕಲ್ಲಿನ ಗೋಡೆಬದಿಯ ಮೂಲೆ

ಮುಟ್ಟಿದರೆ ಅಪ್ಪನ ಕೆಲಸ ತಿದ್ದಿದ ಹಾಗೆ. ಬಿಟ್ಟರೆ ಸಂಜೆ ಎಲ್ಲರೆದುರು ಅಪ್ಪನ ಹೆಸರು ಕೆಟ್ಟ ಹಾಗೆ. ಬೆಳಗಿನ ಆರು ಗಂಟೆ. ಕಲ್ಲುಕುಟಿಗರ ಸಲಕರಣೆಗಳನ್ನೇ ಸಂಕೇತವಾಗಿಟ್ಟು ನೀತಿ ಕಲಿಸುವ ಫ್ರೀಮೇಸನ್ ಸಂಘದ ಸಭಾಂಗಣದಲ್ಲಿ, ತಮ್ಮ ಅಪ್ಪ ಕಡೆದ ಮೊಳದಗಲದ ಚೌಕ ಕಲ್ಲಿನ ಮುಂದೆ ಮಂಡಿಯೂರಿರುವ ಸಭಾಂಗಣದ ಮೇಲ್ವಿಚಾರಕರು ಇನ್ನೂ ತೀರ್ಮಾನಿಸಿಲ್ಲ. ಪಕ್ಕದಲ್ಲಿ ನೀರಿನ ಬಕೆಟ್ಟು, ಉಜ್ಜುಗಲ್ಲು.

ಇಲ್ಲಿರುವುದು ಎರಡು ಕಲ್ಲು. ಎಡಕ್ಕೆ, ಗಣಿಯಿಂದ ಬಂದ ಹಾಗೇ ಇಟ್ಟ ಒರಟು ಕಲ್ಲು: ಮನುಷ್ಯ ಹುಟ್ಟಿದಾಗ ಇರುವ ರೀತಿ. ಬಲಕ್ಕೆ ಈ ನುಣುಪು ಕಲ್ಲು: ತನ್ನನ್ನು ತಾನು ತಿದ್ದಿಕೊಂಡು ಅವನು ಆಗಬೇಕಾದ ರೀತಿ. ಮೇಲ್ವಿಚಾರಕರು ಸದಸ್ಯರಲ್ಲ, ಸಂಘದ ಕಾರ್ಯದರ್ಶಿ ಇವರಿಗೆ ಅರ್ಥ ಬಿಡಿಸಿ ಹೇಳಿದ್ದಾರೆ. "ಮನೇಲಿ ಹೆಂಡ್ತಿಗೆ ಹೇಳ್ದೆ. 'ಒರಟು ಕಲ್ಲು ನೋಡೋಕೆ ಅಲ್ಲೀತನಕ ಯಾಕೆ ಹೋಗ್ಬೇಕು, ಮೂವತ್ತು ವರ್ಷದಿಂದ ನಮ್ಮನೇಲೇ ಇದೆಯಲ್ಲ' ಅಂದ್ಲು" ಎನ್ನುತ್ತಾರೆ ಮೇಲ್ವಿಚಾರಕರು.

ಅಪ್ಪನ ಹಾಗೆ ಇವರೂ ಕಲ್ಲುಕುಟಿಗರಾಗಿದ್ದವರು. ಭುಜ ಕೈಕೊಟ್ಟ ಮೇಲೆ, ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಸೇರಿದರು. ದಿನಾ ನಲವತ್ತೆರಡು ಕುರ್ಚಿ ಒರೆಸಬೇಕು, ಕಪ್ಪು ಬಿಳುಪು ಚೌಕದ ನೆಲ ಎರಡು ಸಲ ಸಾರಿಸಬೇಕು. "ಒಳಗೇನೋ ಗುಟ್ಟು ನಡೆಯುತ್ತಂತಲ್ಲ ಅಂತ ಬೀದಿಯೋರು ಕೇಳ್ತಾರೆ. ನಡೆಯುತ್ತಪ್ಪಾ, ಬಿಸ್ಕತ್ತು ಖಾಲಿ ಮಾಡೋರು ಯಾರು ಅನ್ನೋದು ಇವತ್ತಿಗೂ ಗುಟ್ಟೇ ಅಂತೀನಿ."

ಸೇರಿದ ವಾರವೇ ಅಪ್ಪನ ಕಲ್ಲಿಗೆ, ಮೂಲೆ ಸರಿಯಾಗಿದೆಯೇ ಎಂದು ಅಳೆಯುವ ಮೂಲೆಮಟ್ಟ ಹಿಡಿದು ನೋಡಿದರು. ಒಂದು ಮೂಲೆಯಲ್ಲಿ ಮಟ್ಟಕ್ಕೂ ಕಲ್ಲಿಗೂ ನಡುವೆ ಬೆಳಕು ತೂರಿತು, ಕೂದಲೆಳೆಯಷ್ಟು. ಅಂದಿನಿಂದ ಆ ಮೂಲೆಯನ್ನು ಗೋಡೆಗೆ ತಿರುಗಿಸಿಯೇ ಇಡುತ್ತಾರೆ. ಆದರೆ ಇವತ್ತು ಸಂಜೆ ಹೊಸ ಅಧ್ಯಕ್ಷರು ಹೊಸ ಸದಸ್ಯರ ಮುಂದೆ ಎಲ್ಲ ಮೂಲೆಗೂ ಮಟ್ಟ ಹಿಡಿದು ತೋರಿಸುವವರಿದ್ದಾರೆ.

ಏಳಕ್ಕೆ ನೀರು ಚಿಮುಕಿಸಿ ಉಜ್ಜಲು ಕೂರುತ್ತಾರೆ. ನಾಲ್ಕು ಸಲ ಉಜ್ಜುವುದು, ಒಂದು ಸಲ ಮಟ್ಟ ಹಿಡಿಯುವುದು. ಒಂಬತ್ತೂವರೆಗೆ ಮಟ್ಟದಡಿ ಬೆಳಕು ತೂರುವುದು ನಿಲ್ಲುತ್ತದೆ.

ಒದ್ದೆ ನೆಲ ನೋಡಿ ಕಾರ್ಯದರ್ಶಿ ಬಾಗಿಲಲ್ಲೇ ನಿಲ್ಲುತ್ತಾರೆ. "ಏನ್ರೀ ಇದು, ಕಲ್ಲಿಗೆ ಸ್ನಾನಾನಾ?"

"ಮೂಲೆ ಸೊಟ್ಟಗಿತ್ತು ಸಾರ್. ಸರಿ ಮಾಡ್ದೆ."

"ಯಾವಾಗಿಂದ?"

"ಅಪ್ಪ ತಂದಿಟ್ಟ ದಿನದಿಂದ."

ಕಾರ್ಯದರ್ಶಿ ಮೂಲೆ ಸವರಿ, ಏನೂ ಗೊತ್ತಾಗದೆ ನಗುತ್ತಾರೆ. ಮೇಲ್ವಿಚಾರಕರು ಬಟ್ಟೆ ಹಿಂಡುತ್ತಾ ಹೇಳುತ್ತಾರೆ: "ಕೆಲಸ ಅಪ್ಪಂದೇ. ನಾನು ಕೊನೇ ಕೈ ಆಡಿಸ್ದೆ, ಅಷ್ಟೆ."

ಅಪ್ಪ ತೀರಿಕೊಂಡು ಆರು ವರ್ಷ. ಬದುಕಿದ್ದ ತನಕ ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಕಲ್ಲಿನ ಮೇಲೆ ಅಂಗೈ ಇಟ್ಟು, "ಇದರಲ್ಲಿ ಊನ ಇದ್ರೆ ಹೇಳೋ ನೋಡೋಣ" ಎನ್ನುತ್ತಿದ್ದರು. ಮಗ ಒಂದು ಸಲವೂ ಹೇಳಲಿಲ್ಲ.